ಗೋಡೆಯಾಚೆಯ ಟೀವಿ, ಈಚೆಯ ಸ್ಟೀರಿಯೋ

ಟೀವಿ ತಯಾರಿಸುವವರಿಗೆ ಮನುಷ್ಯನ ಕಿವಿಯ ಮೇಲೆ ಏನೋ ಹಳೆಯ ಸಿಟ್ಟಿರಬೇಕೆಂದು ನನಗೆ ಬಹಳ ದಿನಗಳ ಗುಮಾನಿ. ಕಣ್ಣಿಗೆ ಇಷ್ಟಗಲದ ಗಾಜು ಕೊಡುತ್ತಾರೆ. ಆ ಗಾಜಿಗೆ ಮರದ ಚೌಕಟ್ಟು, ಎಳೆದು ಮುಚ್ಚಲು ಬಾಗಿಲು, ಬಾಗಿಲಿಗೊಂದು ಕೀಲಿ. ಕಿವಿಯ ಪಾಲಿಗೆ ಮಾತ್ರ ಪೆಟ್ಟಿಗೆಯ ಯಾವುದೋ ಮೂಲೆಯಲ್ಲಿ ಚಹಾದ ಬಶಿಯಷ್ಟು ಅಗಲದ ಸ್ಪೀಕರೊಂದನ್ನು ಕೂಡಿಸಿ ಕೈ ತೊಳೆದುಕೊಳ್ಳುತ್ತಾರೆ. ಮದುವೆಯೂಟದಲ್ಲಿ ಬೀಗರಿಗೆ ಮಣೆ ಹಾಕಿ, ಅವರ ಜೊತೆ ಬಂದ ಮುದುಕನನ್ನು ಬಾಗಿಲ ಹಿಂದೆ ಕೂಡಿಸಿದ ಹಾಗೆ. ನಾನು ಜೀವಮಾನವಿಡೀ ಮಕ್ಕಳಿಗೆ ವಿಜ್ಞಾನ ಕಲಿಸಿದವನು. ಮೊದಲು ಅಫಜಲಪುರ, ಆಮೇಲೆ ಜೇವರ್ಗಿ, ಕೊನೆಗೆ ನಮ್ಮೂರು ಆಳಂದ. ಜ್ಞಾನೇಂದ್ರಿಯಗಳ ಪಾಠ ಬಂದಾಗಲೆಲ್ಲ ಕಣ್ಣಿಗಿಂತ ಕಿವಿಯೇ ನಂಬಿಗಸ್ತ ಎಂದು ಹೇಳುತ್ತಿದ್ದೆ. ಕಣ್ಣಿಗೆ ರೆಪ್ಪೆಯಿದೆ, ಬೇಡವೆನಿಸಿದರೆ ಮುಚ್ಚಿಕೊಳ್ಳುತ್ತದೆ. ಕಿವಿಗೆ ಬಾಗಿಲೇ ಇಲ್ಲ, ನಾವು ನಿದ್ದೆ ಹೋದರೂ ಅದು ಕೆಲಸದ ಮೇಲಿರುತ್ತದೆ.

ಇಷ್ಟೆಲ್ಲ ಹೇಳುತ್ತಿದ್ದ ನಾನು, ನಿಮ್ಮೆದುರು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಆರು ವರ್ಷ ನನ್ನ ಮನೆಯಲ್ಲಿ ಅರ್ಧ ಸ್ಟೀರಿಯೋ ಇತ್ತು. ಉಳಿದರ್ಧ ಗೋಡೆಯಾಚೆ, ನನ್ನ ತಮ್ಮ ಶರಣುವಿನ ಮನೆಯಲ್ಲಿತ್ತು. ಎರಡೂ ಅರ್ಧಗಳು ಸೇರಿ ಆರು ವರ್ಷದಲ್ಲಿ ಒಂದು ಸಲವೂ ಕೆಮ್ಮಲಿಲ್ಲ.

ಆ ಸ್ಟೀರಿಯೋ ತಂದವರು ನಮ್ಮಪ್ಪ. ಎಪ್ಪತ್ತರ ದಶಕದ ಆರಂಭ. ಅಪ್ಪನಿಗೆ ಆಳಂದದ ಬಜಾರಿನಲ್ಲಿ ಅರಿವೆ ಅಂಗಡಿ. ಮಾಲು ತರಲು ಸೊಲ್ಲಾಪುರಕ್ಕೆ ಹೋದವರು ಸೀರೆಯ ಗಂಟುಗಳ ನಡುವೆ ಮಗುವನ್ನು ಮಲಗಿಸಿಕೊಂಡಂತೆ ಈ ಯಂತ್ರವನ್ನು ತಂದರು. ಮರದ ಕವಚ, ಬೆಳ್ಳಿ ಬಣ್ಣದ ಮುಖ, ನಾಲ್ಕು ತಿರುಗಣೆ, ಪಕ್ಕದಲ್ಲಿ ರೆಕಾರ್ಡು ತಿರುಗಿಸುವ ಪೆಟ್ಟಿಗೆ, ಮತ್ತು ಎರಡು ಸ್ಪೀಕರ್ ಡಬ್ಬಿ. ಡಬ್ಬಿಗಳು ಎಷ್ಟು ಭಾರವಿದ್ದವೆಂದರೆ ಬಸ್ಸಿನ ಕಂಡಕ್ಟರ್ ಅವನ್ನು ಇಬ್ಬರು ಪ್ರಯಾಣಿಕರೆಂದೇ ತಿಳಿದು ವಾದಕ್ಕೆ ನಿಂತಿದ್ದನಂತೆ. ಅಪ್ಪ ಪಡಸಾಲೆಯ ಎರಡು ತುದಿಗೆ ಎರಡು ಡಬ್ಬಿ ಇಟ್ಟು, ಹಗ್ಗದಿಂದ ಅಳೆದು, ಸರಿಯಾಗಿ ನಡುವೆ ಒಂದು ಕುರ್ಚಿ ಹಾಕಿಸಿದರು. ಶ್ರಾವಣ ಸೋಮವಾರ ಪೂಜೆಯಾದ ಮೇಲೆ ವಚನದ ರೆಕಾರ್ಡು ಹಚ್ಚಿ, ಬಂದವರಲ್ಲಿ ಯಾರು ದೊಡ್ಡವರೋ ಅವರನ್ನು ಆ ಕುರ್ಚಿಯಲ್ಲಿ ಕೂಡಿಸುತ್ತಿದ್ದರು. ಕೂತವರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ನೋಡಿ, ಹಾಡುವವನು ಎದುರಿಗೇ ಕೂತಂತಿದೆಯಲ್ಲ ಎಂದು ಬೆರಗಾಗುತ್ತಿದ್ದರು. ಅಪ್ಪನಿಗೆ ಅಷ್ಟು ಸಾಕಾಗಿತ್ತು.

ಅಪ್ಪ ಹೋದ ಮೇಲೆ ನಾವು ಅಣ್ಣತಮ್ಮಂದಿರು ಪಾಲಾದೆವು. ಪಾಲೆಂದರೆ ನಮ್ಮ ಕಡೆ ಒಂದು ಶಿಸ್ತಿದೆ. ನಾಲ್ಕು ಜನ ಹಿರಿಯರು ಪಂಚರಾಗಿ ಕೂಡುತ್ತಾರೆ. ಎರಡಿದ್ದದ್ದು ಒಂದೊಂದು, ಒಂದಿದ್ದದ್ದಕ್ಕೆ ಚೀಟಿ. ಹಂಡೆ ಎರಡು, ಒಂದೊಂದು. ಮಂಚ ಎರಡು, ಒಂದೊಂದು. ಸ್ಟೀರಿಯೋದ ಸರದಿ ಬಂತು. ಡಬ್ಬಿ ಎಷ್ಟವ ಎಂದು ಪಂಚರು ಕೇಳಿದರು. ಎರಡು ಎಂದೆವು. ಒಬ್ಬೊಬ್ಬನಿಗೆ ಒಂದೊಂದು ಎಂದು ತೀರ್ಪಾಯಿತು. ಬೆಳ್ಳಿ ಮುಖದ ಮಷಿನ್ನಿಗೂ ರೆಕಾರ್ಡಿನ ಪೆಟ್ಟಿಗೆಗೂ ಚೀಟಿ ಎತ್ತಿದರು. ಮಷಿನ್ ನನಗೆ ಬಂತು, ಪೆಟ್ಟಿಗೆ ಮತ್ತು ರೆಕಾರ್ಡುಗಳು ಶರಣುವಿಗೆ ಹೋದವು. ಪಾಲು ಮಾಡಬಾರದ ವಸ್ತುಗಳ ಪಟ್ಟಿಯೊಂದು ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ ಇದೆಯೆಂದು ಓದಿದ್ದೇನೆ. ಬಾವಿಯ ನೀರು, ಬೇಯಿಸಿದ ಅನ್ನ, ಮೈಮೇಲಿನ ಬಟ್ಟೆ ಹೀಗೆ. ಸ್ಟೀರಿಯೋ ಅದರಲ್ಲಿಲ್ಲ. ಇನ್ನು ವಿಜ್ಞಾನದ ಮಾಸ್ತರನಾದ ನಾನು ಅಲ್ಲೇ ಕೂತಿದ್ದೆನಲ್ಲ, ಇದರಿಂದ ಯಾರಿಗೂ ಏನೂ ಕೇಳುವುದಿಲ್ಲ ಎಂದು ಬಾಯಿಬಿಟ್ಟೆನೇ? ಇಲ್ಲ. ನನ್ನ ಕಣ್ಣು ಚೀಟಿಯ ಮೇಲಿತ್ತು.

ಆಮೇಲೆ ಪಡಸಾಲೆಯ ನಡುವೆ ಗೋಡೆ ಎದ್ದಿತು. ಗೋಡೆ ಏಳುವಾಗ ಮಾತು ಬಿತ್ತು. ಗೌಂಡಿ ಪಾಯಾ ತೆಗೆದಾಗ ಶರಣು ಬಂದು ನೋಡಿ, ಇದು ತನ್ನ ಕಡೆ ಒಂದು ಮೊಳ ಒಳಗೆ ಬಂದಿದೆ ಎಂದ. ನಾನು ಅಳೆದೆ. ಬಂದದ್ದು ಗೇಣು. ಮೊಳಕ್ಕೂ ಗೇಣಿಗೂ ಇರುವ ವ್ಯತ್ಯಾಸವನ್ನು ಪಂಚರ ಮುಂದೆಯೇ, ಜೇಬಿನಲ್ಲಿದ್ದ ಸೀಮೆಸುಣ್ಣದಿಂದ ನೆಲದ ಶಹಾಬಾದಿ ಕಲ್ಲಿನ ಮೇಲೆ ಗೆರೆ ಎಳೆದು, ಯಾವ ಸಿಟ್ಟೂ ಇಲ್ಲದೆ, ತರಗತಿಯಲ್ಲಿ ವಿವರಿಸುವಂತೆ ವಿವರಿಸಿದೆ. ಅವನು ಎದ್ದು ಹೋದ. ಅಳತೆಗೆ ಉತ್ತರವಿಲ್ಲದವರು ಎದ್ದು ಹೋಗುತ್ತಾರೆ ಎಂದು ನಾನು ಅಂದುಕೊಂಡೆ. ಅವತ್ತಿನಿಂದ ಆರು ವರ್ಷ ನಮ್ಮಿಬ್ಬರಿಗೂ ಮಾತಿಲ್ಲ.

ಅವ್ವನನ್ನು ಮಾತ್ರ ಪಂಚರು ಪಾಲು ಮಾಡಲಿಲ್ಲ, ಅವಳೇ ಮಾಡಿಕೊಂಡಳು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ನನ್ನ ಮನೆ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಅವನ ಮನೆ. ವಿಭೂತಿಗಟ್ಟಿ, ಎರಡು ಸೀರೆ, ಒಂದು ತಂಬಿಗೆ ಹಿಡಿದು ಈ ಬಾಗಿಲಿನಿಂದ ಆ ಬಾಗಿಲಿಗೆ ನಡೆಯುತ್ತಿದ್ದಳು. ನಮ್ಮ ಮಾತುಗಳನ್ನೂ ಅವಳೇ ಹೊತ್ತು ತರುತ್ತಿದ್ದಳು. ಬೀಗರ ಮನೆಯ ಮದುವೆಗೆ ಹೋಗಬೇಕೋ ಬೇಡವೋ, ಮಾಳಿಗೆಯ ನೀರು ಯಾರ ಕಡೆ ಹರಿಯಬೇಕು, ಎಲ್ಲ ಅವಳ ಮೂಲಕ. ಅವಳಿಗೆ ಕಿವಿ ಮಂದವಾಗುತ್ತ ಬಂದಿದ್ದರಿಂದ ನಾನು ಕಳಿಸಿದ ಮಾತು ಅರ್ಧ ತಲುಪುತ್ತಿತ್ತು, ಅವನು ಕಳಿಸಿದ್ದು ಕಾಲು ಭಾಗ. ಒಂದು ದಿನ ರೊಟ್ಟಿ ಮುರಿಯುತ್ತ ಅವಳು ನೇರವಾಗಿ ಹೇಳಿಬಿಟ್ಟಳು.

"ಕಿವಿ ದಿನಾ ಒಂದೀಟ ಹೊಂಟದ. ಪೂರಾ ಹೋಗೂದ್ರೊಳಗ ನೀವಿಬ್ಬರೂ ಒಂದ್ ಮಾತ ಆಡೂದು ಕೇಳಬೇಕಪ್ಪಾ. ಮತ್ತೇನೂ ಬ್ಯಾಡ."

ನಾನು ಮೊದಲು ಅವನು ಆಡಲಿ ಎಂದೆ. ಗೋಡೆಯಾಚೆ ಅವನೂ ಇದನ್ನೇ ಹೇಳಿದನಂತೆ. ಅಷ್ಟರ ಮಟ್ಟಿಗೆ ನಾವು ಒಬ್ಬ ತಾಯಿಯ ಮಕ್ಕಳೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಶರಣು ಟೀವಿ ತಂದ. ಅಂಗಡಿ ಅವನದಾಗಿತ್ತು, ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಡೆಯಿಂದ ಒಳ್ಳೆಯ ಗಿರಾಕಿಗಳಿದ್ದರು. ಮಾಳಿಗೆಯ ಮೇಲೆ ಅಂಟೆನಾ ನಿಂತಿತು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಬರುತ್ತಿದ್ದ ಕಾಲ ಅದು. ಓಣಿಯ ಜನವೆಲ್ಲ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಅವನ ಮನೆಗೆ ಬರುತ್ತಿದ್ದರು. ಸರಸಂಬಾದಿಂದ ನಮ್ಮ ಸೋದರತ್ತೆಯ ಸಂಸಾರ ಗಾಡಿ ಕಟ್ಟಿಕೊಂಡು ಬರುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೆಳೆದು ನಮ್ಮ ಮೆಟ್ಟಿಲನ್ನೂ ಆಕ್ರಮಿಸುತ್ತಿತ್ತು. ನನ್ನ ಹೆಂಡತಿ ಮಕ್ಕಳು ಹಿತ್ತಲ ಬಾಗಿಲಿನಿಂದ ಹೋಗಿ ನೋಡಿ ಬರುತ್ತಿದ್ದರು. ನನಗೆ ಗೊತ್ತಿಲ್ಲವೆಂದು ಅವರು ನಟಿಸುತ್ತಿದ್ದರು, ಗೊತ್ತಿಲ್ಲದವನಂತೆ ನಾನೂ ನಟಿಸುತ್ತಿದ್ದೆ.

ತೊಂದರೆಯಾದದ್ದು ಅವ್ವನಿಗೆ. ನಲವತ್ತು ಜನ ಉಸಿರಾಡುವ ಪಡಸಾಲೆಯಲ್ಲಿ ಆ ಬಶಿಯಷ್ಟಗಲದ ಸ್ಪೀಕರಿನ ದನಿ ಎಲ್ಲಿ ಸಾಕಾಗುತ್ತದೆ? ಜೋರು ಮಾಡಿದರೆ ಬರ್ರೆಂದು ಒಡೆಯುತ್ತಿತ್ತು. ದೇವತೆಗಳು ಬಾಯಿ ಆಡಿಸುತ್ತಾರೆ, ರಾಕ್ಷಸರು ಬಾಯಿ ಆಡಿಸುತ್ತಾರೆ, ಯಾರು ಏನೆಂದರೆಂದು ಅವ್ವನಿಗೆ ತಿಳಿಯದು. ಅಮಾವಾಸ್ಯೆಯ ಮರುದಿನ ನನ್ನ ಮನೆಗೆ ಬಂದವಳು ಬೀರುವಿನ ಮೇಲೆ ಧೂಳು ಹಿಡಿದು ಕೂತಿದ್ದ ಬೆಳ್ಳಿ ಮುಖದ ಮಷಿನ್ನನ್ನು ನೋಡಿ ಹೇಳಿದಳು. "ಚಿತ್ರ ಅವನ ಮನ್ಯಾಗ ಅದ, ದನಿ ನಿನ್ನ ಮನ್ಯಾಗ ಅದ. ನಾ ಎಲ್ಲಿ ಕೂಡ್ಲಿ, ಗ್ವಾಡಿ ಮ್ಯಾಲ ಕೂಡ್ಲೇನು?"

ಟೀವಿಯ ದನಿಯನ್ನು ಆಂಪ್ಲಿಫೈಯರಿಗೆ, ಅಂದರೆ ನನ್ನ ಪಾಲಿನ ಮಷಿನ್ನಿಗೆ, ಕೊಡುವುದು ವಿಜ್ಞಾನದ ದೃಷ್ಟಿಯಿಂದ ದೊಡ್ಡ ಕೆಲಸವಲ್ಲ. ಎರಡು ತಂತಿ ಸಾಕು. ಆದರೆ ನಮ್ಮ ಮನೆಯಲ್ಲಿ ಆ ಎರಡು ತಂತಿಗೆ ಆರು ವರ್ಷದ ಮುನಿಸು ಅಡ್ಡ ಬಂತು. ಅವನು ಬಾಯಿಬಿಟ್ಟು ಕೇಳಿದರೆ ಮಷಿನ್ ಕೊಡುತ್ತೇನೆ ಎಂದೆ. ಅಣ್ಣ ಬಾಯಿಬಿಟ್ಟು ಒಯ್ಯಿ ಎಂದರೆ ಒಯ್ಯುತ್ತೇನೆ ಎಂದು ಅವನು ಹೇಳಿ ಕಳಿಸಿದ. ಅವ್ವ ಎರಡು ಸಲ ಅತ್ತಿತ್ತ ನಡೆದು, ಮೂರನೆಯ ಸಲ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಲ್ಲಿಂದಲೇ, ಸೈಕಲ್ ಮೇಲೆ ಹೋಗುತ್ತಿದ್ದ ಖಾಸಿಂ ಮಿಸ್ತ್ರಿಯನ್ನು ಕೂಗಿ ಕರೆದಳು.

ಖಾಸಿಂ ಮಿಸ್ತ್ರಿ ನಮ್ಮೂರ ರೇಡಿಯೋ ರಿಪೇರಿಯವನು. ಅಪ್ಪನ ಕಾಲದಿಂದ ಈ ಮಷಿನ್ನಿನ ನಾಡಿ ಬಲ್ಲವನು. ಮನೆಯಲ್ಲಿ ಉರ್ದು, ಬಜಾರಿನಲ್ಲಿ ಕನ್ನಡ, ಯಂತ್ರಗಳೊಡನೆ ಎರಡೂ ಅಲ್ಲದ ಒಂದು ಗೊಣಗು. ಅವನು ನನ್ನ ಮಾತು ಕೇಳಿದ, ಶರಣುವಿನ ಮಾತು ಕೇಳಿದ, ಗೋಡೆಯನ್ನು ಒಮ್ಮೆ ಬೆರಳಿನಿಂದ ಬಡಿದು ನೋಡಿದ.

"ಸರ್, ನೀವು ಏನೂ ಕೊಡಬ್ಯಾಡ್ರಿ, ಅವರು ಏನೂ ತಗೊಳ್ಳೂದು ಬ್ಯಾಡ. ಮಷಿನ್ ಇಲ್ಲೇ ಇರ್ಲಿ, ಟೀವಿ ಅಲ್ಲೇ ಇರ್ಲಿ. ಗ್ವಾಡಿ ಒಳಗಿಂದ ತಂತಿ ಹೋಗ್ಲಿ. ತಂತಿ ನಂದು."

ನಾಲ್ಕು ಪಂಚರಿಗೆ ಹೊಳೆಯದ ನ್ಯಾಯ ಇದು. ಯಾರೂ ಯಾರಿಗೂ ಸೋಲುವಂತಿರಲಿಲ್ಲ. ಗೋಡೆ ಯಾರದೆಂಬುದೇ ವ್ಯಾಜ್ಯವಾಗಿದ್ದರಿಂದ ಮಿಸ್ತ್ರಿ ಅರ್ಧ ತೂತನ್ನು ನನ್ನ ಕಡೆಯಿಂದ ಕೊರೆದ, ಅರ್ಧವನ್ನು ಶರಣುವಿನ ಕಡೆಯಿಂದ. ನಡುವೆ ಎರಡೂ ಒಂದಕ್ಕೊಂದು ಸಿಗದೆ ಎರಡು ಬೆರಳು ಮೇಲೆ ಕೆಳಗೆ ಆದವು. ಆ ಅಂಕುಡೊಂಕಿನಲ್ಲೇ ತಂತಿಗಳನ್ನು ತೂರಿಸಿದ. ಒಂದು ಜೊತೆ ತಂತಿ ಟೀವಿಯ ದನಿಯನ್ನು ನನ್ನ ಮಷಿನ್ನಿಗೆ ತರುವುದು. ಇನ್ನೊಂದು ಜೊತೆ, ಇಲ್ಲಿ ದೊಡ್ಡದಾದ ದನಿಯನ್ನು ಶರಣುವಿನ ಪಾಲಿನ ಡಬ್ಬಿಗೆ ಒಯ್ಯುವುದು. ಅಂದರೆ ಅವನ ಮನೆಯ ದನಿ ನಮ್ಮ ಮನೆಗೆ ಬಂದು, ಇಲ್ಲಿ ಹತ್ತು ಪಟ್ಟು ಬೆಳೆದು, ಮತ್ತೆ ಅವನ ಮನೆಗೇ ಹೋಗುತ್ತಿತ್ತು. ಓಣಿಯಲ್ಲಿ ಸುದ್ದಿಗಳು ಓಡಾಡುವ ರೀತಿಯೂ ಇದೇ ಆದ್ದರಿಂದ ಜನಕ್ಕೆ ವಿಚಿತ್ರವೆನಿಸಲಿಲ್ಲ.

ಮಿಸ್ತ್ರಿ ಆಚೆ ಟೀವಿ ಚಾಲೂ ಮಾಡಿಸಿದ್ದ; ತೂತಿನಿಂದ ತಂತಿಯ ತುದಿ ಹೊರಬಂದಾಗ ನನ್ನೊಳಗಿನ ಮಾಸ್ತರ ಎದ್ದ. ಸುತ್ತ ನಿಂತಿದ್ದ ಮಕ್ಕಳಿಗೆ, ದನಿಯ ವಿದ್ಯುತ್ತು ಎಷ್ಟು ಸೌಮ್ಯವೆಂದರೆ ಇರುವೆಯನ್ನೂ ಎಬ್ಬಿಸಲಾರದು ಎಂದು ಹೇಳುತ್ತ ಆ ತುದಿಯನ್ನು ಬರಿಗೈಯಲ್ಲಿ ಹಿಡಿದೆ. ಮರುಕ್ಷಣ ನಾನು ನೆಲದ ಮೇಲೆ ಕೂತಿದ್ದೆ. ಬಾಯಿಂದ ಯಾವುದೋ ಪ್ರಾಣಿಯ ದನಿ ಬಂದಿತ್ತಂತೆ. ಆ ಕಾಲದ ಎಷ್ಟೋ ಟೀವಿಗಳಲ್ಲಿ ಒಳಗಿನ ತಗಡಿಗೇ ಮನೆಯ ಕರೆಂಟು ನೇರವಾಗಿ ತಾಗಿಕೊಂಡಿರುತ್ತದೆ ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ತೂತಿನ ಆಚೆಯಿಂದ ಶರಣು ನಕ್ಕದ್ದು ಕೇಳಿಸಿತು. ಆರು ವರ್ಷದಲ್ಲಿ ಅವನ ನಗು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು, ಅದೂ ನನ್ನ ಖರ್ಚಿನಲ್ಲಿ. ಖಾಸಿಂ ಮಿಸ್ತ್ರಿ ನನ್ನನ್ನು ಎಬ್ಬಿಸಿ, ಪುಸ್ತಕದ ಕರೆಂಟೇ ಬೇರೆ, ಆಳಂದದ ಕರೆಂಟೇ ಬೇರೆ ಎಂದು ಸಮಾಧಾನ ಹೇಳಿದ. ಅಂಗಡಿಗೆ ಹೋಗಿ, ಸತ್ತ ಹಳೆಯ ರೇಡಿಯೋದ ಹೊಟ್ಟೆಯಿಂದ ಒಂದು ಟ್ರಾನ್ಸ್‌ಫಾರ್ಮರ್ ಕಿತ್ತು ತಂದು ಟೀವಿಯ ಸ್ಪೀಕರಿಗೂ ನನ್ನ ಮಷಿನ್ನಿಗೂ ನಡುವೆ ಕೂಡಿಸಿದ. ಅದರ ಒಳಗೆ ಎರಡು ಸುರುಳಿ, ಒಂದನ್ನೊಂದು ಮುಟ್ಟುವುದಿಲ್ಲ. ಆದರೂ ಒಂದರ ದನಿ ಇನ್ನೊಂದಕ್ಕೆ ದಾಟುತ್ತದೆ. ಅಪಾಯದ ಕರೆಂಟು ಮಾತ್ರ ಆಚೆಯೇ ಉಳಿಯುತ್ತದೆ.

ಮುಂದಿನ ಭಾನುವಾರ ಶಂಖದ ದನಿ ಎರಡು ಮನೆಗಳಲ್ಲೂ ಒಟ್ಟಿಗೆ ಮೊಳಗಿತು. ಮಾಳಿಗೆಯ ಮೇಲಿನ ಪಾರಿವಾಳಗಳು ಎದ್ದು ಹೋದವು. ಅವ್ವ ಶರಣುವಿನ ಡಬ್ಬಿಗೆ ಬೆನ್ನು ತಾಗಿಸಿ ಕೂತು ಪ್ರತಿ ಮಾತನ್ನೂ ಕೇಳಿದಳಂತೆ. ಹೊರಬಂದವಳ ಮುಖ ನೋಡಿ ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಆದರೆ ರಾಜಕೀಯ ಶುರುವಾದದ್ದು ಆಮೇಲೆ. ಟೀವಿಯ ದನಿಯ ತಿರುಗಣೆಯನ್ನು ಒಂದೇ ಕಡೆ ನಿಲ್ಲಿಸಿ, ಅದನ್ನು ಯಾರೂ ಮುಟ್ಟಬಾರದೆಂದು ಮಿಸ್ತ್ರಿ ಅಂಟುಪಟ್ಟಿ ಸುತ್ತಿದ್ದ. ಹೆಚ್ಚು ಕಡಿಮೆ ಮಾಡುವುದೆಲ್ಲ ನನ್ನ ಮಷಿನ್ನಿನಲ್ಲೇ. ಟೀವಿ ಚಾಲೂ ಬಂದ್ ಮಾಡುವ ಅಧಿಕಾರ ಶರಣುವಿನದು, ದನಿಯ ಅಧಿಕಾರ ನನ್ನದು. ಕಾಲುವೆಯ ಮೇಲಿನ ಹೊಲದವನ ಕೈಗೆ ನೀರಿನ ಒಡ್ಡು ಸಿಕ್ಕಂತಾಯಿತು. ಮಾತಿಲ್ಲವಲ್ಲ, ಹಾಗಾಗಿ ಮಿಸ್ತ್ರಿಯೇ ಒಂದು ಒಪ್ಪಂದ ಮಾಡಿಸಿದ. ಗೋಡೆಗೆ ಒಂದು ಪೆಟ್ಟು ಬಿದ್ದರೆ ದನಿ ಏರಿಸಬೇಕು, ಎರಡು ಬಿದ್ದರೆ ಇಳಿಸಬೇಕು. ಶರಣು ಮೊದಮೊದಲು ಬೆರಳಿನಿಂದ ಬಡಿಯುತ್ತಿದ್ದ, ಆಮೇಲೆ ಮುಷ್ಟಿಯಿಂದ, ಕಡೆಗೆ ಅಳತೆಯ ಗಜಕೋಲಿನಿಂದ. ಬಡಿತದ ಗತ್ತಿನಲ್ಲೇ ಅವನ ಅವತ್ತಿನ ಮೂಡು ನನಗೆ ತಿಳಿಯುತ್ತಿತ್ತು. ನಾನು ತಿರುಗಣೆ ತಿರುಗಿಸುವ ಗತ್ತಿನಲ್ಲಿ ನನ್ನದು ಅವನಿಗೆ ತಿಳಿಯುತ್ತಿದ್ದಿರಬೇಕು.

ನನ್ನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಹೆಂಡತಿ ಮಕ್ಕಳೆಲ್ಲ ಹಿತ್ತಲಿನಿಂದ ಆಚೆ ಹೋಗಿದ್ದಾರೆ. ನಾನೊಬ್ಬನೇ ಮರದ ಡಬ್ಬಿಯನ್ನು ದಿಟ್ಟಿಸುತ್ತ ಕೂತಿದ್ದೇನೆ. ಬಾಣಗಳ ಸದ್ದು ಬರುತ್ತದೆ, ಯಾರು ಬಿಟ್ಟರೋ. ಯಾರೋ ಹೆಣ್ಣುಮಗಳು ಅಳುತ್ತಾಳೆ, ಯಾಕೋ. ಅದೆಲ್ಲ ದೆಹಲಿಯ ದಪ್ಪ ಹಿಂದಿ, ನಮ್ಮ ಬಜಾರಿನ ಉರ್ದುವಿಗೂ ಅದಕ್ಕೂ ಎಲ್ಲಿಯ ನಂಟು? ಹೀಗೆ ಇಡೀ ಪುರಾಣ ನನ್ನ ಮನೆಯ ಮೂಲಕ ಹಾದು ಹೋಯಿತು, ನನಗೊಂದು ಮುಖವೂ ಕಾಣಲಿಲ್ಲ. ಆಚೆ ಹೋಗಿ ನೋಡಬಹುದಿತ್ತು. ಬಾಗಿಲಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಆದರೆ ಹೋದರೆ ತಿರುಗಣೆ ನೋಡಿಕೊಳ್ಳುವವರಾರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈಗ ಹೇಳುವುದನ್ನು ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ. ಒಂದು ಭಾನುವಾರ ಕರೆಂಟು ಬಹಳ ಸಣ್ಣಗಿತ್ತು. ಬಲ್ಬು ಕೆಂಪು ದಾರದಂತೆ ಕಾಣುತ್ತಿತ್ತು, ದನಿ ಕುಗ್ಗುತ್ತ ಹೋಯಿತು. ಗೋಡೆಗೆ ಒಂದು ಪೆಟ್ಟು ಬಿತ್ತು. ಏರಿಸಿದೆ. ಮತ್ತೊಂದು. ಏರಿಸಿದೆ. ಮತ್ತೊಂದು, ಗಜಕೋಲಿನದು. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದೆ. ಮತ್ತೆ ಬಡಿದ. ನನಗೆ ಪಿತ್ತ ನೆತ್ತಿಗೇರಿತು. ಮಷಿನ್ನಿನಲ್ಲಿ ಬ್ಯಾಲೆನ್ಸ್ ಎಂಬ ನಾಲ್ಕನೆಯ ತಿರುಗಣೆಯಿದೆ. ಎರಡು ಡಬ್ಬಿಗಳಲ್ಲಿ ಯಾವುದಕ್ಕೆ ಎಷ್ಟು ದನಿ ಎಂಬುದನ್ನು ಅದು ತೀರ್ಮಾನಿಸುತ್ತದೆ. ತಗೋ ನಿನ್ನ ದನಿ ಎಂದು ಅದನ್ನು ಪೂರ್ತಿ ನನ್ನ ಕಡೆ ತಿರುಗಿಸಿಬಿಟ್ಟೆ. ಅಲ್ಲಿ ಅವ್ವ ಕೂತಿದ್ದಾಳೆಂಬುದೂ ನೆನಪಾಗಲಿಲ್ಲ. ಆ ಕ್ಷಣವೇ ಕರೆಂಟು ಹೋಯಿತು. ನನ್ನ ನೀಚತನ ಯಾರ ಕಣ್ಣಿಗೂ ಬೀಳದೆ ಉಳಿಯಿತು. ವಿದ್ಯುತ್ ಇಲಾಖೆಗೆ ನಾನು ಮನಸಾರೆ ಕೃತಜ್ಞನಾದ ದಿನ ಅದೊಂದೇ.

ಗೋಡೆಯಾಚೆ ಜನ ಗೊಣಗುತ್ತ ಚಪ್ಪಲಿ ಹುಡುಕಿಕೊಂಡು ಹೋದರು. ಕರೆಂಟು ಬಂದಾಗ ಏರುಪೇರಾಗಿ ಸುಟ್ಟೀತೆಂದು ಶರಣು ಟೀವಿ ಬಂದ್ ಮಾಡಿದ್ದ. ನಾನು ಮಷಿನ್ ಬಂದ್ ಮಾಡುವುದನ್ನು ಮರೆತು ಪರೀಕ್ಷೆಯ ಪೇಪರುಗಳನ್ನು ತಿದ್ದಲು ಕೂತೆ. ಒಂದು ತಾಸಿನ ಮೇಲೆ ಕರೆಂಟು ಬಂತು. ನನ್ನ ಪಾಲಿನ ಡಬ್ಬಿ ಗುಂಯ್ ಎಂದಿತು, ಆಮೇಲೆ ಕೆಮ್ಮಿತು.

ಪೆನ್ನು ಕೈಯಲ್ಲೇ ನಿಂತಿತು. ಕೆಮ್ಮು ಅವ್ವನದು.

ಸ್ಪೀಕರಿಗೂ ಮೈಕಿಗೂ ಒಳಗೆ ವ್ಯತ್ಯಾಸವಿಲ್ಲ. ಒಂದು ಅಯಸ್ಕಾಂತ, ಒಂದು ಸುರುಳಿ, ಒಂದು ಕಾಗದದ ಪರದೆ. ಕರೆಂಟು ಕೊಟ್ಟರೆ ಮಾತಾಡುತ್ತದೆ, ಎದುರಿಗೆ ಮಾತಾಡಿದರೆ ಕೇಳಿಸಿಕೊಳ್ಳುತ್ತದೆ. ಇದನ್ನು ನಾನೇ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೇನೆ, ಆದರೆ ನಂಬಿರಲಿಲ್ಲ ಅಂತ ಕಾಣುತ್ತದೆ. ಟೀವಿ ಬಂದ್ ಆಗಿತ್ತು. ಆದರೆ ಅದರ ಆ ಬಶಿಯಷ್ಟಗಲದ ಸ್ಪೀಕರಿಗೆ ಕಟ್ಟಿದ ತಂತಿ ನನ್ನ ಮಷಿನ್ನಿಗೆ ಬಂದಿತ್ತು. ಮಷಿನ್ನಿನ ತಿರುಗಣೆ ಕೊನೆಯ ಮಟ್ಟದಲ್ಲಿತ್ತು. ಬ್ಯಾಲೆನ್ಸ್ ನನ್ನ ಕಡೆ ಇದ್ದುದರಿಂದ ಆಚೆಯ ಡಬ್ಬಿ ಮೂಕವಾಗಿತ್ತು. ಶರಣು ಟೀವಿಯ ಪಕ್ಕದಲ್ಲೇ ಕೂತು, ಕಿವಿ ಮಂದವಾದ ಅವ್ವನಿಗೆ ಕೇಳಲೆಂದು ಜೋರಾಗಿ ಮಾತಾಡುತ್ತಿದ್ದ. ಅವನ ಮಾತು ಬಾವಿಯೊಳಗಿನಿಂದ ಬಂದಂತೆ, ಆದರೆ ಅಕ್ಷರ ಅಕ್ಷರ ಸ್ಪಷ್ಟವಾಗಿ ನನ್ನ ಡಬ್ಬಿಯಲ್ಲಿ ಕೇಳುತ್ತಿತ್ತು.

ಬಾಯಿಂದ ಹೇಳುವುದು ಬಿಟ್ಟು ಗೋಡೆ ಯಾಕೆ ಬಡಿಯುತ್ತೀ ಎಂದು ಅವ್ವ ಕೇಳುತ್ತಿದ್ದಳು.

"ಗ್ವಾಡಿ ತಿರುಗಿ ಏನೂ ಅನ್ನಂಗಿಲ್ಲ ಯವ್ವಾ," ಎಂದ ಶರಣು. "ಅಣ್ಣಗ ಒಂದ್ ಮಾತ ಆಡಿದ್ರ ಎರಡು ತಪ್ಪು ತಗೀತಾನ. ಅಂಗಡ್ಯಾಗ ದಿನಾ ನೂರು ಮಂದಿ ಜೋಡಿ ಮಾತಾಡ್ತೇನಿ, ನಾಲಿಗಿ ತಡವರಸಂಗಿಲ್ಲ. ಅವನ ಮುಂದ ನಿಂತ್ರ ಲೆಕ್ಕ ಬರಲಾರದ ಸಾಲಿ ಹುಡುಗ ಆಗ್ತೇನಿ."

ಹಾಗಾದರೆ ಗೋಡೆಯ ಜಗಳ ಎಂದು ಅವ್ವ ಕೇಳಿದಳು.

"ಗ್ವಾಡಿದು ಎಲ್ಲಿ ಜಗಳ? ಗೇಣರ ಹೋಗ್ಲಿ, ಮೊಳರ ಹೋಗ್ಲಿ, ಅಣ್ಣನ ಕಡೀನ ಹೋಗ್ತಿತ್ತಲ್ಲ. ಅವತ್ತ ಸಿಟ್ಟಿನ್ಯಾಗ ಬಾಯಿಗೆ ಬಂದದ್ದು ಅಂದೆ. ಅಂವ ಪಂಚರ ಮುಂದ, ನನ್ನ ಹೆಂಡ್ತಿ ಮುಂದ, ನೆಲದ ಮ್ಯಾಲ ಗೆರಿ ಹೊಡದು ನನಗ ಗೇಣು ಮೊಳ ಕಲಿಸಿದ. ಅರಿವಿ ಅಂಗಡಿ ಇಟ್ಟಾಂವಗ, ಯವ್ವಾ."

ಮತ್ತೆ ಅವನೇ, ಸ್ವಲ್ಪ ಸಣ್ಣ ದನಿಯಲ್ಲಿ, ಅವ್ವನಿಗೆ ಕೇಳಿಸಿತೋ ಇಲ್ಲವೋ, "ಅಂವ ಬಂದು ಕುಂತ್ರ ಸಾಕು, ಕಲಿಸೂದು ಒಂದ್ ಬಿಟ್ಟು," ಎಂದ.

ಮಷಿನ್ ಬಂದ್ ಮಾಡಿದೆ. ಇನ್ನೊಬ್ಬರ ಕಾಗದ ಒಡೆದು ಓದಿದಂತಾಗಿತ್ತು, ಅದೂ ನನ್ನ ಬಗ್ಗೆಯೇ ಬರೆದ ಕಾಗದ. ಎದುರಿಗೆ ತಿದ್ದಿದ ಪೇಪರುಗಳಿದ್ದವು, ತುಂಬ ಕೆಂಪು ಗೀಟುಗಳು. ಆ ಕೆಂಪು ಮಸಿ ನೋಡಲು ನಾಚಿಕೆಯಾಯಿತು. ಇಷ್ಟು ವರ್ಷ ನನ್ನ ತಮ್ಮ ಒಂದು ಗೇಣಿಗಾಗಿ ಮುನಿದ ಸಣ್ಣ ಮನುಷ್ಯನೆಂದು ನಾನು ತಿಳಿದಿದ್ದೆ. ನಾನು ಅವನನ್ನು ನೋಯಿಸಿದ್ದೇನೆಂದು ಒಂದು ದಿನವೂ ಹೊಳೆದಿರಲಿಲ್ಲ. ಟೋಪಿ ಕೂಡ ಹಾಕಿಕೊಳ್ಳದೆ ಎದ್ದೆ. ಚಪ್ಪಲಿ ಮೆಟ್ಟಿದ್ದೂ ಅದಲುಬದಲಾಗಿತ್ತೆಂದು ಆಮೇಲೆ ಗೊತ್ತಾಯಿತು.

ಅವನ ಬಾಗಿಲಲ್ಲಿ ಹೋಗಿ ನಿಂತೆ. ಶರಣು ಬನಿಯನ್ನಿನ ಮೇಲೆಯೇ ಎದ್ದು ನಿಂತ. ಅವ್ವ ನಮ್ಮಿಬ್ಬರ ಬಾಯಿಗಳನ್ನೂ ಸರದಿಯ ಮೇಲೆ ನೋಡತೊಡಗಿದಳು. ಕೇಳಿದ್ದನ್ನು ಹೇಳುವಂತಿಲ್ಲ. ಬಂದದ್ದಕ್ಕೆ ಏನಾದರೊಂದು ಕಾರಣ ಬೇಕಲ್ಲ ಎಂದು, ಟೀವಿಯ ದನಿ ಹೇಗೆ ಬರುತ್ತಿದೆ ಎಂದು ಕೇಳಿದೆ.

"ಟೀವಿ ಬಂದ್ ಅದಲ್ಲೋ ಅಣ್ಣಾ," ಎಂದ ಅವನು.

ನಿಜ, ಬಂದ್ ಆಗಿತ್ತು. ಅದರ ಬಾಗಿಲಿಗೆ ಕೀಲಿಯೂ ಬಿದ್ದಿತ್ತು. ನಾನು ಆ ಕೀಲಿಯನ್ನೇ ನೋಡುತ್ತ ನಿಂತೆ. ಶರಣುವಿನ ಹೆಂಡತಿ ಒಳಗಿನಿಂದ ಹಣಿಕಿ ನೋಡಿ, ಚಾಪೆ ಹಾಸಿ, ಚಹಾ ತಂದಳು. ಕೂತೆವು. ಚಹಾ ಬಶಿಗೆ ಬಗ್ಗಿಸಿ ಊದುವುದರಲ್ಲಿ ಇಬ್ಬರೂ ಆರು ವರ್ಷದ ಅನುಭವ ತೋರಿಸಿದೆವು. ಈಗ ಮಾತಿಗೊಂದು ನೆಪ ಹುಡುಕುವ ಸರದಿ ಶರಣುವಿನದು. ಗೋಡೆಯ ತೂತನ್ನು ನೋಡಿದ, ಅಲ್ಲಿಂದ ಹೊರಟ ತಂತಿಯನ್ನು ನೋಡಿದ. ಬೆವರೊರೆಸಿಕೊಂಡು, ಪರೀಕ್ಷೆಗೆ ಎದ್ದು ನಿಂತವನ ಹಾಗೆ ಕೇಳಿದ.

"ಅಣ್ಣಾ, ತಂತಿ ಇಷ್ಟು ಉದ್ದ ಅದಲ್ಲ, ದನಿ ನಡಕೋತ ಬರಬೇಕು. ನಾವು ಇಲ್ಲಿ ನೋಡಿ ಮುಗಿಸಿದ ಮ್ಯಾಲೇ ನಿಮ್ಮನ್ಯಾಗ ಕೇಳತಿರಬೇಕು, ಹೌದಿಲ್ಲೋ?"

ದೇವರಾಣೆಗೂ ಹೇಳುತ್ತೇನೆ, ಅಷ್ಟು ಶುದ್ಧವಾದ ತಪ್ಪನ್ನು ನಾನು ಯಾವ ಉತ್ತರಪತ್ರಿಕೆಯಲ್ಲೂ ಕಂಡಿರಲಿಲ್ಲ. ತಂತಿಯಲ್ಲಿ ದನಿ ನಡೆಯುವುದಿಲ್ಲ, ವಿದ್ಯುತ್ತು ಓಡುತ್ತದೆ. ಅದು ಓಡುವ ವೇಗಕ್ಕೆ ಈ ಮನೆಯಿಂದ ಆ ಮನೆಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ಒಂದು ಸೀಮೆಸುಣ್ಣ ಇದ್ದಿದ್ದರೆ ಎರಡೇ ನಿಮಿಷದಲ್ಲಿ ತಿಳಿಸಿಬಿಡಬಹುದಿತ್ತು. ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಜೇಬಿನಲ್ಲಿ ಸೀಮೆಸುಣ್ಣ ಇತ್ತು. ನಾಲಿಗೆಯ ತುದಿಗೆ ಬಂದ ವಿಜ್ಞಾನವನ್ನೆಲ್ಲ ಒಂದು ಗುಟುಕು ಚಹಾದ ಜೊತೆ ನುಂಗಿ, ಕೈ ಹೊರಗೆ ತೆಗೆದು, ಅವ್ವನಿಗೂ ಕೇಳಲೆಂದು ಜೋರಾಗಿಯೇ ಹೇಳಿದೆ.

"ಹೌದಲೇ ಶರಣು. ಒಂದೀಟ ತಡಾ ಆಗ್ತದ."

ಶರಣು ನನ್ನ ಮುಖವನ್ನೇ ನೋಡಿದ. ನಾನು ಹಾಸ್ಯ ಮಾಡುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದ. ಅವ್ವ ಬಶಿ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಕಿವಿಯ ಹಿಂದಿನಿಂದ ಕೈ ತೆಗೆದಳು.

"ಕೇಳಸ್ತು," ಎಂದಳು.

ಶರಣುವಿಗೆ ಧೈರ್ಯ ಬಂತು. ಮತ್ತೊಂದು ಬಶಿ ಚಹಾ ಮುಗಿಯುವುದರೊಳಗೆ ಅವನು ವಿದ್ಯುತ್ತಿನ ಬಗ್ಗೆ ಇನ್ನೂ ಮೂರು ತಪ್ಪು ಹೇಳಿದ. ಮೂರಕ್ಕೂ ನಾನು ಹೌದೆಂದೆ.